ನಳಿಗೆ ಬದಲಾದರೆ ಗುರಿ ಉಳಿಯುತ್ತದೆಯೇ?

ಉರುಸಿನ ಸಂತೆಯಲ್ಲಿ ಬಲೂನಿಗೆ ಗುಂಡು ಹೊಡೆಯುವ ಅಂಗಡಿಯನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಹಲಗೆಯ ಮೇಲೆ ಸಾಲಾಗಿ ಕಟ್ಟಿದ ಬಣ್ಣದ ಬಲೂನುಗಳು, ಮೇಜಿನ ಮೇಲೆ ಎರಡೋ ಮೂರೋ ಹಳೆಯ ಏರ್‌ಗನ್‌ಗಳು, ಪಕ್ಕದಲ್ಲಿ ಬೀಡಿ ಸೇದುತ್ತ ನಿಂತ ಅಂಗಡಿಯವ. ಚಿಕ್ಕಂದಿನಲ್ಲಿ ನಾವು ಕೂಡಿಟ್ಟ ಈದಿಯ ದುಡ್ಡನ್ನೆಲ್ಲ ಅಲ್ಲಿ ಕಳೆದದ್ದುಂಟು. ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಕೆಂಪು ಬಲೂನಿನ ನಟ್ಟನಡುವಿಗೆ ಗುರಿ ಇಟ್ಟು ಹೊಡೆದರೆ ಛರ್ರೆ ಹೋಗಿ ಹಲಗೆಗೆ ಬಡಿಯುತ್ತಿತ್ತು. ಸುತ್ತ ನಿಂತ ಹುಡುಗರು ನಗುತ್ತಿದ್ದರು. ಅಂಗಡಿಯವ ಅದೇ ಕೋವಿಯನ್ನು ನಮ್ಮ ಕೈಯಿಂದ ತೆಗೆದುಕೊಂಡು, ಸರಿಯಾಗಿ ಭುಜಕ್ಕೂ ಇಡದೆ, ಒಂದರ ಹಿಂದೆ ಒಂದರಂತೆ ನಾಲ್ಕು ಬಲೂನು ಒಡೆದು ತೋರಿಸುತ್ತಿದ್ದ.

ಅವನ ಕೈಯಲ್ಲಿ ಜಾದೂ ಇರಲಿಲ್ಲ. ಆ ಕೋವಿ ನಾಲ್ಕು ಬೆರಳು ಎಡಕ್ಕೆ ಹೊಡೆಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಅಷ್ಟೇ ವ್ಯತ್ಯಾಸ. ಆದರೆ ಬಂದೂಕಿನ ಚರಿತ್ರೆಯನ್ನು ಓದುತ್ತ ಹೋದಾಗ, ಈ ‘ಅಷ್ಟೇ ವ್ಯತ್ಯಾಸ’ದ ಸುತ್ತ ಸಾಮ್ರಾಜ್ಯಗಳು ಎಷ್ಟು ತಲೆ ಕೆಡಿಸಿಕೊಂಡಿವೆ ಎಂಬುದು ತಿಳಿದು ನಮಗೆ ಆಶ್ಚರ್ಯವಾಯಿತು.

ಕೋವಿಯ ಸೈಟಿನಲ್ಲಿ ಕಾಣುವ ಜಾಗಕ್ಕೂ ಗುಂಡು ಹೋಗಿ ಬೀಳುವ ಜಾಗಕ್ಕೂ ಅಂತರವಿಲ್ಲದಂತೆ ಹೊಂದಿಸುವುದಕ್ಕೆ ಸೈನಿಕರ ಭಾಷೆಯಲ್ಲಿ ‘ಜೀರೋ ಮಾಡುವುದು’ ಎಂದು ಹೆಸರು. ಅಂತರ ಶೂನ್ಯವಾಗಬೇಕು ಎಂದು ಅರ್ಥ. ಈ ಜೀರೋ ಎಂಬ ಪದದ ಪ್ರಯಾಣವೂ ಸ್ವಾರಸ್ಯದ್ದು. ನಮ್ಮ ‘ಶೂನ್ಯ’ ಬಗ್ದಾದಿನ ವಿದ್ವಾಂಸರ ಕೈಗೆ ಹೋಗಿ ಅರಬಿಯ ‘ಸಿಫ್ರ್’ ಆಯಿತು. ಅಲ್ಲಿಂದ ಇಟಲಿಗೆ ದಾಟಿ, 1202ರಲ್ಲಿ ಫಿಬೊನಾಚಿಯ ಲೆಕ್ಕದ ಪುಸ್ತಕದಲ್ಲಿ ‘ಜೆಫಿರಮ್’ ಆಗಿ, ಕೊನೆಗೆ ‘ಜೀರೋ’ ಆಗಿ, ಇಂಗ್ಲಿಷರ ಬಂದೂಕಿನ ಜೊತೆ ಮತ್ತೆ ನಮ್ಮ ನಾಡಿಗೇ ಬಂತು.

ಈಗ ಪ್ರಶ್ನೆ ಇದು. ಒಂದು ರೈಫಲನ್ನು ಕಷ್ಟಪಟ್ಟು ಜೀರೋ ಮಾಡಿದ್ದೇವೆ. ಅದರ ನಳಿಗೆಯನ್ನು ಬಿಚ್ಚಿ ಇನ್ನೊಂದು ನಳಿಗೆ ಹಾಕಿದರೆ ಆ ಜೀರೋ ಉಳಿಯುತ್ತದೆಯೇ? ಕೇಳಲು ಇದು ಮಿಸ್ತ್ರಿಯ ಪ್ರಶ್ನೆಯಂತಿದೆ. ಆದರೆ ಇದರ ಉತ್ತರ ಹುಡುಕುತ್ತ ಹೊರಟರೆ ಪ್ಯಾರಿಸ್, ಅಮೆರಿಕ, ಎನ್‌ಫೀಲ್ಡ್ ದಾಟಿ ನಾವು 1857ರ ಹಿಂದೂಸ್ತಾನಕ್ಕೇ ಬಂದು ನಿಲ್ಲುತ್ತೇವೆ.

ಒಂದೇ ಕೈಯ ಕೆಲಸ

ಹದಿನೆಂಟನೆಯ ಶತಮಾನದ ಕೊನೆಯವರೆಗೂ ಜಗತ್ತಿನಲ್ಲಿ ಎಲ್ಲಿಯೇ ಆಗಲಿ, ಬಂದೂಕು ಎಂದರೆ ಕೈಕೆಲಸ. ಒಬ್ಬ ನಳಿಗೆ ಬಡಿಯುತ್ತಿದ್ದ, ಒಬ್ಬ ಚಾಪು ಮಾಡುತ್ತಿದ್ದ, ಒಬ್ಬ ಮರ ಕೆತ್ತುತ್ತಿದ್ದ. ಕೊನೆಗೊಬ್ಬ ಅರ ಹಿಡಿದು ಉಜ್ಜಿ ಉಜ್ಜಿ ಎಲ್ಲವನ್ನೂ ಒಂದಕ್ಕೊಂದು ಕೂರಿಸುತ್ತಿದ್ದ. ಹೀಗೆ ಕೂರಿಸಿದ ಬಂದೂಕಿನ ಒಂದು ತಿರುಪು ಕಳೆದುಹೋದರೆ ಪಕ್ಕದ ಬಂದೂಕಿನ ತಿರುಪು ಇದಕ್ಕೆ ಹೊಂದುತ್ತಿರಲಿಲ್ಲ. ಗಂಡ ಹೆಂಡತಿಯರಂತೆ, ಇದರದ್ದು ಇದಕ್ಕೇ.

ನಮ್ಮ ದೇಶದ ಕಾರೀಗರರು ಈ ವಿದ್ಯೆಯಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಬಂಗಾಳದ ನವಾಬ ಮೀರ್ ಕಾಸಿಮ್ 1760ರ ದಶಕದ ಆರಂಭದಲ್ಲಿ ಮುರ್ಷಿದಾಬಾದ್ ಬಿಟ್ಟು ಮುಂಗೇರಿಗೆ ರಾಜಧಾನಿಯನ್ನು ಬದಲಿಸಿದ. ಅಲ್ಲಿ ಗುರ್ಗಿನ್ ಖಾನ್ ಎಂಬ ಅರ್ಮೇನಿಯನ್ ಸೇನಾಪತಿಯ ಉಸ್ತುವಾರಿಯಲ್ಲಿ ಬಂದೂಕಿನ ಕಾರ್ಖಾನೆ ತೆರೆದ. ಆ ಬಂದೂಕುಗಳು ಕಂಪೆನಿಯ ಬಂದೂಕುಗಳಿಗೆ ಸರಿಸಾಟಿಯಾಗಿದ್ದವೆಂದು ಇಂಗ್ಲಿಷರೇ ಒಪ್ಪಿಕೊಂಡಿದ್ದುಂಟು. 1764ರ ಅಕ್ಟೋಬರ್ 22ರಂದು ಬಕ್ಸರಿನಲ್ಲಿ ನವಾಬರ ಕೂಟ ಸೋತಿತು. ಆದರೆ ಮುಂಗೇರಿನ ಕಸುಬು ಸಾಯಲಿಲ್ಲ.

ನಮ್ಮ ಶ್ರೀರಂಗಪಟ್ಟಣದ ಮಾತೂ ಅದೇ. ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲಿ ತಯಾರಾದ ಬಂದೂಕುಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ಹುಲಿಯ ಪಟ್ಟೆ, ಹುಲಿಯ ಮುಖ. ಒಂದನ್ನು ನೋಡಿದಂತೆ ಇನ್ನೊಂದಿಲ್ಲ. 1787ರಲ್ಲಿ ಟಿಪ್ಪು ಮೂವರು ರಾಯಭಾರಿಗಳನ್ನು ಫ್ರಾನ್ಸಿಗೆ ಕಳಿಸಿದ. ಮರುವರ್ಷದ ಆಗಸ್ಟಿನಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿ ಅವರನ್ನು ಬರಮಾಡಿಕೊಂಡ. ಅವರು ಕೇಳಿದ್ದು ಸೈನ್ಯವನ್ನು ಮಾತ್ರವಲ್ಲ, ಕುಶಲಕರ್ಮಿಗಳನ್ನೂ ಕೇಳಿದರು. ಸೈನ್ಯ ಸಿಗಲಿಲ್ಲ, ಕೆಲವು ಕುಶಲಕರ್ಮಿಗಳು ಮಾತ್ರ ಅವರ ಜೊತೆ ಮೈಸೂರಿನ ಕಡೆಗೆ ಹೊರಟರು.

ಅದೇ ವರ್ಷಗಳಲ್ಲಿ ಅದೇ ಪ್ಯಾರಿಸಿನ ಅಂಚಿನ ವಿನ್ಸೆನ್ ಕೋಟೆಯಲ್ಲಿ ಒನೊರೆ ಬ್ಲಾಂಕ್ ಎಂಬ ಬಂದೂಕಿನ ಉಸ್ತಾದ ಕೈಕೆಲಸದ ಈ ಜಗತ್ತನ್ನೇ ಬುಡಮೇಲು ಮಾಡುವ ಪ್ರಯತ್ನದಲ್ಲಿದ್ದ. ಚಾಪಿನ ಪ್ರತಿಯೊಂದು ಬಿಡಿಭಾಗವನ್ನೂ ಒಂದೇ ಅಚ್ಚಿಗೆ, ಒಂದೇ ಅಳತೆಗೆ ತಂದರೆ ಯಾವುದನ್ನು ಯಾವುದಕ್ಕೆ ಬೇಕಾದರೂ ಹಾಕಬಹುದಲ್ಲವೇ ಎಂಬುದು ಅವನ ವಾದ. ಅಮೆರಿಕದ ರಾಯಭಾರಿಯಾಗಿ ಪ್ಯಾರಿಸಿನಲ್ಲಿದ್ದ ಥಾಮಸ್ ಜೆಫರ್ಸನ್ 1785ರಲ್ಲಿ ಅವನ ಕಾರ್ಯಾಗಾರಕ್ಕೆ ಹೋಗಿ, ರಾಶಿಯಿಂದ ಕೈಗೆ ಸಿಕ್ಕ ತುಂಡುಗಳನ್ನು ಎತ್ತಿಕೊಂಡು ತಾನೇ ಚಾಪುಗಳನ್ನು ಜೋಡಿಸಿ ನೋಡಿದ. ಎಲ್ಲವೂ ಕೂತವು. ಬೆರಗಾಗಿ ಆ ಸುದ್ದಿಯನ್ನು ತನ್ನ ದೇಶಕ್ಕೆ ಬರೆದ. 1790ರಲ್ಲಿ ಬ್ಲಾಂಕ್ ಪ್ಯಾರಿಸಿನ ಪಂಡಿತರೆದುರು ಇದೇ ಪ್ರಯೋಗವನ್ನು ಮತ್ತೆ ಮಾಡಿ ತೋರಿಸಿದ.

ಫ್ರಾನ್ಸಿನ ಕುಶಲಕರ್ಮಿಗಳು ಮಾತ್ರ ಅವನನ್ನು ಮೆಚ್ಚಲಿಲ್ಲ. ಅವರ ಸಿಟ್ಟನ್ನು ನಾವು ಅರ್ಥ ಮಾಡಿಕೊಳ್ಳಬಹುದು. ತಲೆಮಾರುಗಳಿಂದ ಕೈಗೆ ಬಂದ ಹದ ಅಚ್ಚಿಗೆ ಹೋಗಿಬಿಟ್ಟರೆ ಉಸ್ತಾದನ ಬೆಲೆ ಏನು? ಮಗ್ಗದ ಮನೆಗಳ ನಡುವೆ ಬೆಳೆದವರಿಗೆ ಈ ಪ್ರಶ್ನೆ ಹೊಸದಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬ್ಲಾಂಕ್ ಬದಲಾಯಿಸಿ ತೋರಿಸಿದ್ದು ಚಾಪಿನ ತುಂಡುಗಳನ್ನು, ನಳಿಗೆಗಳನ್ನಲ್ಲ. ಆ ಕಾಲದ ಸೈನಿಕನ ಬಂದೂಕಿನ ನಳಿಗೆ ಒಳಗೆ ನುಣುಪು. ಗುಂಡು ಅದರೊಳಗೆ ಅತ್ತಿತ್ತ ತಾಗುತ್ತ ಹೊರಬರುತ್ತಿತ್ತು. ನೂರು ಗಜದಾಚೆ ಅದು ಎಲ್ಲಿ ಬೀಳುತ್ತದೆಂದು ಹೊಡೆದವನೂ ಹೇಳಲಾರ. ಇಲ್ಲದ ಜೀರೋ ಕಳೆದುಹೋಗುವ ಮಾತೆಲ್ಲಿಂದ ಬಂತು?

ಹೊಂದುವುದು ಬೇರೆ, ತಾಗುವುದು ಬೇರೆ

ಬ್ಲಾಂಕನ ಕನಸು ನನಸಾದದ್ದು ಅಮೆರಿಕದಲ್ಲಿ. ಶಾಲೆಯ ಪುಸ್ತಕಗಳು ಅದರ ಕೀರ್ತಿಯನ್ನು ಈಲಿ ವಿಟ್ನಿಗೆ ಕೊಡುತ್ತ ಬಂದಿವೆ. 1798ರಲ್ಲಿ ಹತ್ತು ಸಾವಿರ ಬಂದೂಕುಗಳ ಗುತ್ತಿಗೆ ಹಿಡಿದ ವಿಟ್ನಿ, 1801ರಲ್ಲಿ ದೊಡ್ಡವರೆದುರು ಚಾಪುಗಳನ್ನು ಅದಲು ಬದಲು ಮಾಡಿ ತೋರಿಸಿದ್ದು ನಿಜ. ಆದರೆ ಅವನ ಕಾರ್ಖಾನೆಯಿಂದ ಬಂದು ಇಂದಿಗೂ ಉಳಿದಿರುವ ಬಂದೂಕುಗಳನ್ನು ಬಿಚ್ಚಿ ನೋಡಿದ ಇತಿಹಾಸಕಾರರಿಗೆ, ಅವುಗಳ ತುಂಡುಗಳು ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲವೆಂದು ಕಂಡಿತು. ಆ ಕೆಲಸವನ್ನು ನಿಜವಾಗಿ ಸಾಧಿಸಿದವನು ಹಾರ್ಪರ್ಸ್ ಫೆರಿ ಶಸ್ತ್ರಾಗಾರದ ಜಾನ್ ಹಾಲ್. 1826ರಲ್ಲಿ ಸರ್ಕಾರದ ಸಮಿತಿಯೊಂದು ಅವನ ರೈಫಲುಗಳನ್ನು ಬಿಚ್ಚಿ, ತುಂಡುಗಳನ್ನೆಲ್ಲ ಕಲೆಸಿ ಮತ್ತೆ ಜೋಡಿಸಿ ನೋಡಿ ತಲೆದೂಗಿತು. ಚರಿತ್ರೆಯಲ್ಲಿ ಪ್ರದರ್ಶನ ಮಾಡಿದವನ ಹೆಸರು ಉಳಿಯುತ್ತದೆ, ಕೆಲಸ ಮಾಡಿದವನದ್ದು ಅಡಿಟಿಪ್ಪಣಿಗೆ ಹೋಗುತ್ತದೆ.

ಹಾಲ್ ಮಾಡಿದ್ದು ರೈಫಲ್. ಎಂದರೆ ನಳಿಗೆಯ ಒಳಗೆ ಸುರುಳಿಯಾಗಿ ಗೀರು ಕೊರೆದ ಕೋವಿ. ಆ ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ; ತಿರುಗುವ ಬುಗುರಿ ವಾಲದೆ ನಿಲ್ಲುವಂತೆ ತಿರುಗುವ ಗುಂಡು ದಾರಿ ತಪ್ಪದೆ ಹೋಗುತ್ತದೆ. ಗುಂಡು ಒಂದೇ ಕಡೆ ಬೀಳತೊಡಗಿದ ಮೇಲೆಯೇ ಸೈಟಿಗೆ ಅರ್ಥ ಬಂದದ್ದು, ಜೀರೋ ಎಂಬ ಮಾತು ಹುಟ್ಟಲು ಆಸ್ಪದವಾದದ್ದು.

ಹಾಗಾದರೆ ಎಲ್ಲ ನಳಿಗೆಗಳೂ ಒಂದೇ ಅಳತೆಯವಾದ ಮೇಲೆ ಒಂದನ್ನು ತೆಗೆದು ಇನ್ನೊಂದನ್ನು ಹಾಕಿದರೆ ಗುರಿ ಉಳಿಯಬೇಕಲ್ಲ? ಉಳಿಯುವುದಿಲ್ಲ. ಇದಕ್ಕೆ ಸಣ್ಣ ಲೆಕ್ಕವೊಂದು ಸಾಕು. ಹಿಂದಿನ ಸೈಟಿನಿಂದ ಮುಂದಿನ ಸೈಟಿಗೆ ಅರ್ಧ ಮೀಟರ್ ದೂರ ಎಂದುಕೊಳ್ಳೋಣ. ಮುಂದಿನ ಸೈಟಿಗೆ ಉರ್ದುವಿನಲ್ಲಿ ‘ಮಕ್ಖಿ’ ಎನ್ನುತ್ತಾರೆ, ನಳಿಗೆಯ ತುದಿಯಲ್ಲಿ ಕೂತ ನೊಣ. ಈ ನೊಣ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಪಕ್ಕಕ್ಕೆ ಸರಿದರೆ ನೂರು ಮೀಟರ್ ದೂರದಲ್ಲಿ ಗುಂಡು ಎರಡು ಸೆಂಟಿಮೀಟರ್ ಸರಿಯುತ್ತದೆ. ಅರ್ಧ ಮಿಲಿಮೀಟರ್ ಸರಿದರೆ ಹತ್ತು ಸೆಂಟಿಮೀಟರ್. ಮುನ್ನೂರು ಮೀಟರಿನಲ್ಲಿ ಮೂವತ್ತು ಸೆಂಟಿಮೀಟರ್. ಎದೆಗಿಟ್ಟ ಗುರಿ ಭುಜದ ಪಕ್ಕದಿಂದ ಹಾದುಹೋಗಲು ಅಷ್ಟು ಸಾಕು.

ಕಾರ್ಖಾನೆ ಎಷ್ಟೇ ಒಳ್ಳೆಯದಿರಲಿ, ನಳಿಗೆಯ ಒಳತೂತು ಹೊರಮೈಯ ನಟ್ಟನಡುವೆಯೇ ಇರುತ್ತದೆಂಬ ಭರವಸೆ ಇಲ್ಲ. ಅದು ಕೂರುವ ತಿರುಪು ಕೂದಲೆಳೆಯಷ್ಟು ಓರೆ ಇರಬಹುದು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಗುಂಡು ಹಾರುವಾಗ ನಳಿಗೆ ಸುಮ್ಮನೆ ಇರುವುದಿಲ್ಲ, ವೀಣೆಯ ತಂತಿಯಂತೆ ನಡುಗುತ್ತದೆ. ಆ ನಡುಕದ ಯಾವ ಗಳಿಗೆಯಲ್ಲಿ ಗುಂಡು ಬಾಯಿ ಬಿಟ್ಟು ಹೊರಡುತ್ತದೆ ಎಂಬುದರ ಮೇಲೆ ಅದರ ದಿಕ್ಕು ನಿಂತಿದೆ. ಒಂದೇ ಅಳತೆಯ ಎರಡು ನಳಿಗೆಗಳ ನಡುಕ ಒಂದೇ ಅಲ್ಲ. ನಳಿಗೆ ಮರದ ಮೇಲೆ ಎಲ್ಲಿ ಒತ್ತುತ್ತದೆ, ತಿರುಪನ್ನು ಎಷ್ಟು ಬಿಗಿ ಮಾಡಿದ್ದೇವೆ ಎಂಬುದೂ ಅದನ್ನು ಬದಲಿಸುತ್ತದೆ.

ಹಾಗಾಗಿ ಲೀ-ಎನ್‌ಫೀಲ್ಡ್ ರೈಫಲಿಗೆ ಹೊಸ ನಳಿಗೆ ಹಾಕಿದ ಆರ್ಮರರ್ ಅದನ್ನು ನೇರವಾಗಿ ಸಿಪಾಯಿಯ ಕೈಗೆ ಕೊಡುತ್ತಿರಲಿಲ್ಲ. ಹೊಡೆದು ನೋಡುತ್ತಿದ್ದ. ಗುಂಡು ಮೇಲೆ ಬಿದ್ದರೆ ಎತ್ತರದ ಮಕ್ಖಿ, ಕೆಳಗೆ ಬಿದ್ದರೆ ಗಿಡ್ಡ ಮಕ್ಖಿ. ಪಕ್ಕಕ್ಕೆ ಬಿದ್ದರೆ ಅದನ್ನೇ ಅತ್ತ ಇತ್ತ ಸರಿಸುತ್ತಿದ್ದ. ಭಾಗಗಳನ್ನು ಹೊಂದಿಸುವುದು ಯಂತ್ರದ ಕೆಲಸ. ಗುರಿ ಕೂಡಿಸುವುದು ಕೊನೆಗೂ ಮನುಷ್ಯನ ಕೆಲಸವಾಗಿಯೇ ಉಳಿಯಿತು. ಬ್ಲಾಂಕನ ಮೇಲೆ ಸಿಟ್ಟಾದ ಕುಶಲಕರ್ಮಿಗಳಿಗೆ ಇಷ್ಟಾದರೂ ಸಮಾಧಾನ ಸಿಕ್ಕಿತೆನ್ನಬೇಕು.

ಸಿಪಾಯಿಯ ನಳಿಗೆ

ಲಂಡನ್ನಿನಲ್ಲಿ 1851ರಲ್ಲಿ ನಡೆದ ಮಹಾ ವಸ್ತುಪ್ರದರ್ಶನದಲ್ಲಿ ಅಮೆರಿಕದ ರಾಬಿನ್ಸ್ ಮತ್ತು ಲಾರೆನ್ಸ್ ಕಂಪೆನಿ ಅದಲು ಬದಲು ಮಾಡಬಹುದಾದ ರೈಫಲುಗಳನ್ನಿಟ್ಟಿತು. ಇಂಗ್ಲಿಷರ ಕಣ್ಣು ತೆರೆಯಿತು. ತಜ್ಞರು ಅಮೆರಿಕಕ್ಕೆ ಹೋಗಿ ನೋಡಿ ಬಂದರು. ಎನ್‌ಫೀಲ್ಡಿನ ಸರ್ಕಾರಿ ಕಾರ್ಖಾನೆಗೆ ಅಮೆರಿಕದ ಯಂತ್ರಗಳು ಬಂದವು. ಅಲ್ಲಿ ತಯಾರಾಗಲಿದ್ದದ್ದು 1853ರ ಮಾದರಿಯ ಎನ್‌ಫೀಲ್ಡ್ ರೈಫಲ್. ನಮ್ಮ ಚರಿತ್ರೆಯ ಓದುಗರಿಗೆ ಈ ಹೆಸರನ್ನು ಹೊಸದಾಗಿ ಪರಿಚಯಿಸಬೇಕಿಲ್ಲ.

ಅದರ ತೋಟಾಕ್ಕೆ ಸವರಿದ ಕೊಬ್ಬಿನ ಕಥೆ ಎಲ್ಲರಿಗೂ ಗೊತ್ತು. ಹಸುವಿನದೋ ಹಂದಿಯದೋ ಎಂಬ ಗುಮಾನಿ ದಂಡಿನಿಂದ ದಂಡಿಗೆ ಹಬ್ಬಿತು. ಮೀರತ್ತಿನಲ್ಲಿ ತೋಟಾ ಮುಟ್ಟಲೊಪ್ಪದ 85 ಸವಾರರಿಗೆ, ಅವರಲ್ಲಿ ಹಿಂದೂಗಳೂ ಇದ್ದರು ಮುಸ್ಲಿಮರೂ ಇದ್ದರು, ಬೇಡಿ ಹಾಕಿದ ಮರುದಿನ, 1857ರ ಮೇ 10ರಂದು, ದಂಗೆ ಎದ್ದಿತು. ತೋಟಾ ನೆಪ, ಹಿಂದೆ ನೂರು ಕಾರಣಗಳಿದ್ದವು. ಅದನ್ನು ಬಹಳ ಜನ ಬರೆದಿದ್ದಾರೆ.

ದಂಗೆ ಅಡಗಿದ ಮೇಲೆ ಬಂದೂಕಿಗೆ ಏನಾಯಿತು ಎಂಬುದನ್ನು ಬರೆದವರು ಕಡಿಮೆ. ಸಿಪಾಯಿಗಳಿಲ್ಲದೆ ಹಿಂದೂಸ್ತಾನವನ್ನು ಆಳಲಾಗದು, ಅವರ ಕೈಗೆ ಬಂದೂಕು ಕೊಡಲೇಬೇಕು. ಆದರೆ ಯಾವ ಬಂದೂಕು? ಬ್ರಿಟಿಷ್ ಸರ್ಕಾರ ಅದಕ್ಕೊಂದು ಉಪಾಯ ಹುಡುಕಿತು. ನೋಡಲು ಥೇಟ್ ಎನ್‌ಫೀಲ್ಡಿನಂತೆಯೇ ಇರುವ, ಅದೇ ಮರ, ಅದೇ ಚಾಪು, ಅದೇ ಹಿತ್ತಾಳೆಯ ಕಟ್ಟುಗಳಿರುವ ಬಂದೂಕು ತಯಾರಾಯಿತು. ನಳಿಗೆ ಮಾತ್ರ ಬೇರೆ. ಅದರೊಳಗೆ ಗೀರುಗಳಿಲ್ಲ, ನುಣುಪು. ದೂರಕ್ಕೆ ತಕ್ಕಂತೆ ಏರಿಸಿ ಇಳಿಸುವ ಹಿಂದಿನ ಸೈಟನ್ನು ತೆಗೆದು ಅಲ್ಲಾಡದ ಒಂದು ತುಂಡನ್ನು ಕೂರಿಸಿದ್ದರು. ಗೋರಾ ಸಿಪಾಯಿಯ ಕೈಯಲ್ಲಿ ನೂರಾರು ಗಜ ಹೊಡೆಯುವ ರೈಫಲ್. ಅದೇ ಮೈದಾನದಲ್ಲಿ ಪಕ್ಕ ನಿಂತ ಕಪ್ಪು ಸಿಪಾಯಿಯ ಕೈಯಲ್ಲಿ ಅದೇ ಮುಖದ, ನೂರು ಗಜ ದಾಟಿದರೆ ದಾರಿ ತಪ್ಪುವ ಬಂದೂಕು.

ನಳಿಗೆ ಬದಲಿಸಿದರೆ ಗುರಿ ಉಳಿಯುತ್ತದೆಯೇ ಎಂದು ಕೇಳುತ್ತ ಬಂದ ನಮಗೆ ಇಲ್ಲಿ ಎದುರಾಗುವುದು, ಗುರಿ ಉಳಿಯಬಾರದೆಂದೇ ನಳಿಗೆ ಬದಲಿಸಿದ ಚರಿತ್ರೆ. ಅದೇ ಹೊತ್ತಿಗೆ ಫಿರಂಗಿಗಳನ್ನೂ, ಬೆಟ್ಟದ ಕೆಲವು ತುಕಡಿಗಳನ್ನು ಬಿಟ್ಟರೆ, ಭಾರತೀಯರ ಕೈಯಿಂದ ತೆಗೆದುಕೊಂಡರು. ಮುಂದೆ ಭಾರತೀಯರಿಗೂ ರೈಫಲ್ ಸಿಕ್ಕಿತು, ಆದರೆ ಯಾವಾಗಲೂ ಒಂದು ತಲೆಮಾರು ಹಿಂದಿನದು. ಬ್ರಿಟಿಷ್ ಸಿಪಾಯಿಗೆ ಮಾರ್ಟಿನಿ-ಹೆನ್ರಿ ಬಂದಾಗ ನಮ್ಮವರಿಗೆ ಅವರು ಬಿಟ್ಟ ಸ್ನೈಡರ್. ಅವರಿಗೆ ಲೀ-ಮೆಟ್‌ಫರ್ಡ್ ಬಂದಾಗ ನಮ್ಮವರಿಗೆ ಮಾರ್ಟಿನಿ. ಊರಿನ ಜನರ ಮನೆಯಲ್ಲಿದ್ದ ಕೋವಿಗೆ 1878ರ ಶಸ್ತ್ರ ಕಾಯ್ದೆ ಲೈಸೆನ್ಸಿನ ಬೇಡಿ ಹಾಕಿತು. ಯುರೋಪಿಯನ್ನರಿಗೆ ಆ ಬೇಡಿ ಇರಲಿಲ್ಲ. ನಮ್ಮ ಕೊಡಗಿನವರು ಮಾತ್ರ ಅಂದು ಪಡೆದ ವಿನಾಯಿತಿಯನ್ನು ಇಂದಿಗೂ ಉಳಿಸಿಕೊಂಡು ಬಂದಿದ್ದಾರೆ.

ಯಾರ ಮೇಲೆ ಎಷ್ಟು ನಂಬಿಕೆ ಎಂಬುದನ್ನು ಆಳುವವರು ಭಾಷಣದಲ್ಲಿ ಹೇಳುವುದಿಲ್ಲ. ಭಾಷಣದಲ್ಲಿ ಎಲ್ಲರೂ ಸಮಾನರೇ. ಹೊರಗಿನ ಮರ, ಹಿತ್ತಾಳೆ ಎಲ್ಲ ಒಂದೇ ತೋರುವಂತೆ ಮಾಡಿ ಒಳಗಿನ ಗೀರುಗಳನ್ನು ಮಾತ್ರ ಉಜ್ಜಿ ತೆಗೆದಿರುತ್ತಾರೆ.

ಈ ಅವಿಶ್ವಾಸಕ್ಕೆ ಮಹಾಯುದ್ಧವೊಂದು ಬಂದು ಉತ್ತರ ಹೇಳಬೇಕಾಯಿತು. 1914ರ ಸೆಪ್ಟೆಂಬರಿನಲ್ಲಿ ಭಾರತೀಯ ಪಡೆಗಳು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದಾಗ, ತಂದಿದ್ದ ರೈಫಲುಗಳನ್ನು ವಾಪಸು ಪಡೆದು ಬ್ರಿಟಿಷ್ ಸೈನ್ಯದ ಹೊಸ ಮಾದರಿಯ ಲೀ-ಎನ್‌ಫೀಲ್ಡನ್ನೇ ಕೈಗೆ ಕೊಟ್ಟರು. ಇಷ್ಟು ವರ್ಷ ಕೊಡದ್ದನ್ನು ಪ್ರಾಣಸಂಕಟ ಬಂದಾಗ ಕೊಟ್ಟರು. ಹೊಸ ರೈಫಲಿನ ಸ್ವಭಾವ ಪೂರ್ತಿ ಕೈಗೆ ಹತ್ತುವ ಮೊದಲೇ ಅವರು ಚಳಿಯ ಕಂದಕಗಳಲ್ಲಿ ಜರ್ಮನರೆದುರು ನಿಂತಿದ್ದರು. ಅಕ್ಟೋಬರ್ 31ರಂದು ಬೆಲ್ಜಿಯಮ್ಮಿನ ಹೊಲ್ಲೆಬೆಕೆಯಲ್ಲಿ ಬಲೂಚಿ ಪಲ್ಟನ್ನಿನ ಸಿಪಾಯಿ ಖುದಾದಾದ್ ಖಾನ್, ಜೊತೆಗಾರರೆಲ್ಲ ಸತ್ತ ಮೇಲೂ ಗಾಯಗೊಂಡ ಮೈಯಲ್ಲಿ ಮೆಷಿನ್‌ಗನ್ ಬಿಡದೆ ಕಾದ. ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸಿಪಾಯಿ ಅವನು. ಅವಿಶ್ವಾಸದ ನಳಿಗೆಯನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹೊತ್ತ ಸೈನ್ಯದವನು.

ಜೋಡಿ ನಂಬರು

ಮೂಲ ಪ್ರಶ್ನೆಗೆ ಮತ್ತೆ ಬರೋಣ. ನಳಿಗೆ ಬದಲಿಸುವ ಅನಿವಾರ್ಯ ಇಪ್ಪತ್ತನೆಯ ಶತಮಾನದಲ್ಲಿ ಹೆಚ್ಚಿತು. ಬಿಡದೆ ಹೊಡೆಯುವ ಮೆಷಿನ್‌ಗನ್ನಿನ ನಳಿಗೆ ಕೆಂಡದಂತೆ ಕಾಯುತ್ತದೆ, ಯುದ್ಧದ ನಡುವೆಯೇ ಬದಲಿಸಬೇಕು. ಚೆಕ್ ದೇಶದ ಬ್ರನೊ ಮತ್ತು ಇಂಗ್ಲೆಂಡಿನ ಎನ್‌ಫೀಲ್ಡ್ ಎರಡರ ಹೆಸರು ಸೇರಿ ಹುಟ್ಟಿದ ಬ್ರೆನ್ ಗನ್ 1937ರಿಂದ ತಯಾರಾಗತೊಡಗಿತು. ನಮ್ಮ ಸೈನ್ಯವೂ ಅದನ್ನು ದಶಕಗಳ ಕಾಲ ಬಳಸಿತು. ಅದರ ಮಕ್ಖಿ ಇದ್ದದ್ದು ನಳಿಗೆಯ ಮೇಲೆಯೇ. ಆದ್ದರಿಂದ ಪ್ರತಿ ನಳಿಗೆಯನ್ನೂ ಆ ಗನ್ನಿನ ಮೇಲೆ ಮೊದಲೇ ಜೀರೋ ಮಾಡಿಟ್ಟರೆ, ನಳಿಗೆ ಬಂದಾಗ ಅದರ ಗುರಿಯೂ ಜೊತೆಗೇ ಬರುತ್ತದೆ. ಜರ್ಮನಿಯ ಎಂ.ಜಿ. 42ರಲ್ಲಿ ಮಕ್ಖಿ ಹೊರಗವಚದ ಮೇಲಿತ್ತು. ಕ್ಷಣದಲ್ಲಿ ನಳಿಗೆ ಬದಲಾಗುತ್ತಿತ್ತು, ಆದರೆ ಹೊಸ ನಳಿಗೆಯ ಸ್ವಭಾವ ಆ ಮಕ್ಖಿಗೆ ಗೊತ್ತಿರುತ್ತಿರಲಿಲ್ಲ. ಗುಂಡಿನ ಮಳೆ ಸುರಿಸುವ ಗನ್ನಿಗೆ ಅದು ದೊಡ್ಡ ಕೊರತೆಯಾಗಲಿಲ್ಲ.

ಒಂದೇ ಗುಂಡಿನಲ್ಲಿ ಕೆಲಸ ಮುಗಿಸಬೇಕಾದವನ ಮಾತು ಬೇರೆ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪೆನಿ 20 ಸಾವಿರಕ್ಕೂ ಹೆಚ್ಚು ಲೀ-ಎನ್‌ಫೀಲ್ಡುಗಳಿಗೆ ದುರ್ಬೀನು ಕೂರಿಸಿತು. ರೈಫಲಿನ ನಂಬರನ್ನು ದುರ್ಬೀನಿನ ಕಟ್ಟಿನ ಮೇಲೆ, ದುರ್ಬೀನಿನ ನಂಬರನ್ನು ರೈಫಲಿನ ಹಿಡಿಯ ಮೇಲೆ ಒತ್ತಿದರು. ಎಲ್ಲವನ್ನೂ ಎಲ್ಲದಕ್ಕೂ ಹಾಕಬಹುದೆಂದು ಜಗತ್ತಿಗೆ ಸಾರಿದ ಕೈಗಾರಿಕಾ ಯುಗ, ಅತಿ ಸೂಕ್ಷ್ಮ ಕೆಲಸ ಬಂದಾಗ ಮತ್ತೆ ‘ಇದರದ್ದು ಇದಕ್ಕೇ’ ಎಂದು ನಂಬರು ಹಾಕಿ ಜೋಡಿ ಮಾಡಿತು.

ಇಂದಿನ ರೈಫಲುಗಳಲ್ಲಿ ನಳಿಗೆಯನ್ನು ಒಂದೆರಡು ನಿಮಿಷದಲ್ಲಿ ಬದಲಿಸಬಹುದು. ಇಲ್ಲಿ ಎರಡು ಪ್ರಶ್ನೆಗಳನ್ನು ಒಂದೇ ಎಂದು ಕಲೆಸಿಕೊಳ್ಳುವವರೇ ಹೆಚ್ಚು. ಬಿಚ್ಚಿದ ನಳಿಗೆಯನ್ನೇ ಮತ್ತೆ ಹಾಕಿದರೆ ಗುರಿ ಮರಳುತ್ತದೆಯೇ ಎಂಬುದು ಮೊದಲನೆಯದು. ಕೂರುವ ಜಾಗ ಸ್ವಚ್ಛವಿದ್ದು, ತಿರುಪನ್ನು ಪ್ರತಿಸಲ ಒಂದೇ ಬಿಗಿಗೆ ತಂದರೆ ಒಳ್ಳೆಯ ರೈಫಲಿನಲ್ಲಿ ಬಹುಮಟ್ಟಿಗೆ ಮರಳುತ್ತದೆ. ನೂರು ಮೀಟರಿಗೆ ಒಂದೆರಡು ಬೆರಳಗಲ ಆಚೆ ಈಚೆ. ಬೇರೆ ನಳಿಗೆ ಹಾಕಿದರೆ ಹಳೆಯ ಗುರಿ ನಡೆಯುತ್ತದೆಯೇ ಎಂಬುದು ಎರಡನೆಯದು. ನಡೆಯುವುದಿಲ್ಲ. ಹೊಸ ನಳಿಗೆಗೆ ಅದರದೇ ಜೀರೋ ಇದೆ; ಅದನ್ನು ಹೊಡೆದು ನೋಡಿ ಕಂಡುಕೊಂಡು, ಸೈಟನ್ನು ಎಷ್ಟು ತಿರುಗಿಸಬೇಕೆಂದು ಬರೆದಿಟ್ಟುಕೊಳ್ಳಬೇಕು. ಜರ್ಮನಿಯ ಬ್ಲೇಸರ್ ಕಂಪೆನಿ 1993ರ ತನ್ನ ಆರ್ 93 ರೈಫಲಿನಲ್ಲಿ ದುರ್ಬೀನನ್ನು ನಳಿಗೆಯ ಮೇಲೆಯೇ ಕೂರಿಸಿ ಬ್ರೆನ್ನಿನ ಹಳೆಯ ಉಪಾಯವನ್ನೇ ಹಿಡಿಯಿತು. ಕಣ್ಣು ಮತ್ತು ನಳಿಗೆ ಒಟ್ಟಿಗೇ ಇದ್ದರೆ ಒಟ್ಟಿಗೇ ಹೋಗುತ್ತವೆ, ಒಟ್ಟಿಗೇ ಬರುತ್ತವೆ. ಆದರೂ ಬಲ್ಲವರು ಯಾರೂ ಹೊಡೆದು ನೋಡದೆ ನಂಬುವುದಿಲ್ಲ.

ಕೋವಿಯನ್ನು ಹೊಗಳಲು ನಾವು ಇದನ್ನು ಬರೆಯಲಿಲ್ಲ. ಅದರ ಗುರಿ ಸರಿಯಿದ್ದಷ್ಟೂ ಎದುರಿದ್ದವನ ಮನೆಯಲ್ಲಿ ಅಳು ಹೆಚ್ಚು ಎಂಬುದು ನಮಗೆ ಗೊತ್ತು. ಆದರೆ ಕಬ್ಬಿಣದ ಈ ಕೊಳವೆ ಹೇಳುವ ಪಾಠ ಕಬ್ಬಿಣಕ್ಕೆ ಮಾತ್ರ ಸೇರಿದ್ದಲ್ಲ ಎನಿಸುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದಂತೆ ಎಲ್ಲರೂ ಒಂದೇ ಅಳತೆಗೆ ಬಂದರೆ ದೇಶ ಸರಿಹೋಗುತ್ತದೆ ಎನ್ನುವವರು ಆಗಾಗ ಎದ್ದು ಬರುತ್ತಾರೆ. ಒಂದೇ ಅಳತೆಗೆ ತಂದ ನಳಿಗೆಗಳಿಗೇ ಒಂದೇ ಗುರಿ ಇಲ್ಲ. ಒಂದೊಂದರ ನಡುಕ ಒಂದೊಂದು ಬಗೆ. ಅದನ್ನು ತಿಳಿದು, ತಾಳ್ಮೆಯಿಂದ ಸೈಟು ಸರಿಸಿದವನಿಗೆ ಎಲ್ಲ ನಳಿಗೆಗಳೂ ಒಲಿಯುತ್ತವೆ. ನಂಬಿಕೆಯಿಲ್ಲದೆ ಗೀರು ಉಜ್ಜಿ ತೆಗೆದವನ ಪಕ್ಕದಲ್ಲಿ ನಿಂತವನ ಗುಂಡೂ ಎಲ್ಲೋ ಬೀಳುತ್ತದೆ.

ಕಳೆದ ಸಲ ಉರುಸಿಗೆ ಹೋದಾಗ ಬಲೂನಿನ ಅಂಗಡಿ ಇನ್ನೂ ಇತ್ತು. ಅಂಗಡಿಯವ ಬೇರೆ, ಏರ್‌ಗನ್ ಬೇರೆ. ನಾವು ಕೈಗೆ ತೆಗೆದುಕೊಂಡು ಮೊದಲ ಛರ್ರೆಯನ್ನು ಬಲೂನಿಗೆ ಹೊಡೆಯದೆ, ಹಲಗೆಯ ಮೇಲಿನ ಒಂದು ಮಚ್ಚೆಗೆ ಹೊಡೆದೆವು. ಮೂರು ಬೆರಳು ಬಲಕ್ಕೆ, ಒಂದು ಬೆರಳು ಕೆಳಗೆ ಬಿತ್ತು. ಅಂಗಡಿಯವ ನಮ್ಮ ಮುಖ ನೋಡಿ ನಕ್ಕ.

“ಸಾಹೇಬ್ರಿಗೆ ಗೊತ್ತಾಗಿಬಿಡ್ತು” ಎಂದ.